ಎಳ್ಳಿನಷ್ಟು ಕಪ್ಪು

ನಮ್ಮ ಅಡುಗೆಮನೆಯ ಸಕ್ಕರೆ ಡಬ್ಬಿಯೊಳಗೆ ಒಂದು ಚಮಚವಿದೆ. ಡಬ್ಬಿ ಮೂರು ಸಲ ಬದಲಾಯಿತು, ಮನೆಯಲ್ಲಿ ಸಕ್ಕರೆ ತಿನ್ನುವವರಲ್ಲಿ ಅರ್ಧ ಮಂದಿ ಡಾಕ್ಟರರ ಮಾತಿಗೆ ಹೆದರಿ ಬಿಟ್ಟರು, ಚಮಚ ಮಾತ್ರ ಜಾಗ ಬಿಟ್ಟು ಕದಲಿಲ್ಲ. ಹಿತ್ತಾಳೆಯ ಮೈ, ಮೇಲೆ ನಿಕ್ಕಲ್ ಲೇಪ. ನನ್ನ ಅಪ್ಪ ತನ್ನ ಅಂಗಡಿಯ ತೊಟ್ಟಿಯಲ್ಲಿ ಮೊತ್ತಮೊದಲು ಅದ್ದಿ ತೆಗೆದ ವಸ್ತು ಅದೇ ಎಂದು ಅಮ್ಮ ಹೇಳುತ್ತಿದ್ದಳು. ಹೆಬ್ಬೆರಳು ಕೂರುವ ಜಾಗದಲ್ಲಿ ಲೇಪ ಸವೆದು, ಒಳಗಿನ ಹಳದಿ ಒಂದು ಹುಣಸೆ ಬೀಜದಷ್ಟು ಅಗಲಕ್ಕೆ ಹೊರಗೆ ಬಂದಿದೆ. ಪಾಲಿಶ್ ಅಂಗಡಿಯವರ ಮನೆಯಲ್ಲೇ ಇಂಥ ಚಮಚವೇ ಎಂದು ಸೊಸೆ ವರ್ಷಕ್ಕೆ ಎರಡು ಸಲವಾದರೂ ನಗುತ್ತಾಳೆ. ನಾಳೆ ಮಾಡುತ್ತೇನೆ ಎಂದು ನಾನೂ ವರ್ಷಕ್ಕೆ ಎರಡು ಸಲ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು, ಒಮ್ಮೆ ತೆಗೆದು ನೋಡಿ. ಇವತ್ತು ನಾನು ಹೇಳಹೊರಟಿರುವುದು ಸವೆಯುವುದರ ಮತ್ತು ಮುಚ್ಚುವುದರ ಮಾತು.

ಉಪ್ಪಳ ಪೇಟೆಯಲ್ಲಿ ಹೆದ್ದಾರಿಯ ಬದಿಗೆ ನಮ್ಮದೊಂದು ನಿಕ್ಕಲ್ ಪಾಲಿಶ್ ಅಂಗಡಿಯಿತ್ತು. ಅಪ್ಪನನ್ನು ಊರು ನಿಕ್ಕಲ್ ಬಾಬಣ್ಣ ಎಂದು ಕರೆಯಿತು. ಅವರ ಕಾಲಾನಂತರ ಅಂಗಡಿಯ ಜೊತೆ ಹೆಸರೂ ನನ್ನ ಪಾಲಿಗೆ ಬಂದು ನಾನು ನಿಕ್ಕಲ್ ಜಲಜಕ್ಕನಾದೆ. ಹೆದ್ದಾರಿ ಅಗಲವಾಗುವಾಗ ಅಂಗಡಿಯ ಮುಂಭಾಗ ಹೋಯಿತು, ನನ್ನ ಮಂಡಿಯೂ ಅದೇ ಹೊತ್ತಿಗೆ ಕೈಕೊಟ್ಟಿತು, ಎರಡನ್ನೂ ಒಟ್ಟಿಗೆ ನೆಪ ಮಾಡಿಕೊಂಡು ಬಾಗಿಲು ಹಾಕಿದೆ. ಅದಕ್ಕೆ ಮೊದಲು ಈ ಸೀಮೆಯ ಯಾವ ವಸ್ತು ನಮ್ಮ ತೊಟ್ಟಿಯ ಹಸಿರು ನೀರಿನಲ್ಲಿ ಮುಳುಗೇಳಲಿಲ್ಲ ಹೇಳಿ! ಸೈಕಲ್ ಹ್ಯಾಂಡಲ್, ಕ್ಷೌರದಂಗಡಿಯ ಕತ್ತರಿ, ಬ್ಯಾಂಡ್ ಸೆಟ್ಟಿನವರ ತುತ್ತೂರಿ, ಬ್ಯಾರಿಗಳ ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವ ಉದ್ದ ಕತ್ತಿನ ದಾನಿ. ಮದುವೆಯ ತಿಂಗಳು ಬಂದರೆ ನಮ್ಮ ಅಂಗಡಿಯ ಗೋಡೆಯಲ್ಲಿ ಆ ದಾನಿಗಳು ಸಾಲಾಗಿ ತೂಗುತ್ತ, ಇಡೀ ಕೋಣೆಗೆ ಆಮ್ಲದ ವಾಸನೆಯ ನಡುವೆಯೂ ಹಳೆಯ ಗುಲಾಬಿಯ ಒಂದು ಎಳೆ ಸುಳಿಯುತ್ತಿತ್ತು.

ಅಪ್ಪನ ಕೆಲಸದಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಯಾವ ವಸ್ತು ಬರಲಿ, ಹಳೆಯ ಬಣ್ಣ ಕಿತ್ತು ತೊಳೆಯುವ ಮೊದಲೇ ಯಾರ ಕಣ್ಣಿಗೂ ಬೀಳದ ಒಂದು ಮೂಲೆ ಹುಡುಕಿ, ಅಲ್ಲಿ ಅರಗಿನ ಒಂದು ಸಣ್ಣ ಹನಿ ಇಡುತ್ತಿದ್ದರು. ಅರಗಿನ ಕೆಳಗೆ ಆಮ್ಲವೂ ಹೋಗದು, ನಿಕ್ಕಲ್ಲೂ ಹೋಗದು. ಕೆಲಸ ಮುಗಿದ ಮೇಲೆ ಹನಿಯನ್ನು ಚಿವುಟಿ ತೆಗೆದರೆ ಅಲ್ಲಿ ಎಳ್ಳಿನಷ್ಟು ಜಾಗದಲ್ಲಿ ಆ ವಸ್ತುವಿನ ಹಿಂದಿನ ಮೈ ಹಾಗೆಯೇ ಉಳಿದಿರುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ಸಾಕ್ಷಿ. ಪೂರ್ತಿ ಮುಚ್ಚಿದರೆ ಮೋಸ, ಇಷ್ಟು ಬಿಟ್ಟರೆ ಅಲಂಕಾರ, ಎಂದು ಅವರ ವಾದ. ಗಿರಾಕಿಗೆ ಇದು ತಿಳಿದಿರುತ್ತಲೂ ಇರಲಿಲ್ಲ. ನಾನು ಅಂಗಡಿ ನಡೆಸಿದ ಮೊದಲ ಕೆಲವು ವರ್ಷ ಈ ಶಾಸ್ತ್ರ ಪಾಲಿಸಿ, ಆಮೇಲೆ ಇದಕ್ಕೆಲ್ಲ ಯಾರಿಗೆ ಪುರುಸೊತ್ತು ಎಂದು ಬಿಟ್ಟುಬಿಟ್ಟೆ. ಬಿಟ್ಟದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಲೇಪವೆಂದರೆ ಜನಕ್ಕೊಂದು ತಾತ್ಸಾರ. ಒಬ್ಬ ಮನುಷ್ಯನನ್ನು ಹೀಗಳೆಯಬೇಕಾದರೆ, ಅವನದ್ದು ಮೇಲಿನ ಪಾಲಿಶ್ ಮಾತ್ರ ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಉರಿಯುತ್ತದೆ. ಗೋಡೆಗೆ ಸುಣ್ಣ ಬಳಿಯುವವರು, ಮುಖಕ್ಕೆ ಪೌಡರ್ ಮೆತ್ತುವವರು, ನೆಂಟರು ಬಂದಾಗ ಮಾತ್ರ ಒಳ್ಳೆಯ ಕಪ್-ಬಸಿಯಲ್ಲಿ ಚಹಾ ಕೊಡುವವರು ನಿಕ್ಕಲನ್ನು ಆಡಿಕೊಳ್ಳಲು ಯಾರು? ಕಡಲಿನಿಂದ ಒಂದು ಕೂಗಳತೆಯ ದೂರದಲ್ಲಿ, ಗಾಳಿಯಲ್ಲೇ ಉಪ್ಪಿರುವ ಈ ನಾಡಿನಲ್ಲಿ, ಕೂದಲಿಗಿಂತ ತೆಳುವಾದ ಆ ಹೊದಿಕೆ ಇಲ್ಲದಿದ್ದರೆ ಎಷ್ಟು ಕಬ್ಬಿಣ ಮಣ್ಣುಪಾಲಾಗಿ ಹೋಗುತ್ತಿತ್ತೋ. ಆದರೂ ಲೇಪವನ್ನು ಕುರಿತು ಒಂದು ಪ್ರಶ್ನೆ ಮಾತ್ರ ನ್ಯಾಯವಾದದ್ದು ಎಂದು ನಾನೂ ಒಪ್ಪುತ್ತೇನೆ: ಇದು ಹುಟ್ಟಿನಿಂದ ಬಂದದ್ದೋ, ನಡುವೆ ಸೇರಿದ್ದೋ? ಈ ಪ್ರಶ್ನೆಯನ್ನು ಹೊತ್ತುಕೊಂಡು ಕಳೆದ ವರ್ಷ ಡಾಕ್ಟರ್ ಮುಬೀನಾ ನಮ್ಮ ಜಗಲಿ ಹತ್ತಿದಳು.

ಮುಬೀನಾ ಕುಂಬಳೆಯಲ್ಲಿ ಹಲ್ಲಿನ ಡಾಕ್ಟರು. ನನ್ನ ಬಾಯಿಯ ಅರ್ಧದಷ್ಟು ಹಲ್ಲುಗಳ ಉಸ್ತುವಾರಿ ಅವಳದ್ದೇ. ಅವತ್ತು ಚೀಲದಿಂದ ಒಂದು ಟವೆಲ್ ಗಂಟು ತೆಗೆದು ಬಿಡಿಸಿದಾಗ ಒಳಗಿದ್ದದ್ದು ಬೆಳ್ಳಗೆ ಹೊಳೆಯುವ ಒಂದು ಗಾಳಿಪಿಸ್ತೂಲು. ಹೆದರಬೇಡಿ, ಮದ್ದುಗುಂಡಿನದ್ದಲ್ಲ. ಮೇಲಿನ ನಳಿಗೆಯನ್ನು ಎತ್ತಿ ಹಿಂದಕ್ಕೆ ಮಡಚಿದರೆ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ, ಬೆರಳಿಗೆ ಸಿಗುವ ಕುದುರೆಯನ್ನು ಎಳೆದರೆ ಅದು ಸಡಿಲವಾಗಿ ಗಾಳಿಯನ್ನು ಒತ್ತುತ್ತದೆ, ಆ ಒತ್ತಡಕ್ಕೆ ಮೆಣಸಿನ ಕಾಳಿನಷ್ಟು ಸೀಸದ ಗುಂಡು ಹಾರಿ ಹಳೆಯ ಡಬ್ಬಿಯನ್ನು ಟಣ್ಣೆನಿಸುತ್ತದೆ, ಅಷ್ಟೆ. ಇಂಗ್ಲೆಂಡಿನಲ್ಲಿ ಮಾಡಿದ್ದು. ಹಿಡಿಯ ಎರಡು ಬದಿಗೆ ಚೌಕುಳಿ ಗೆರೆಯ ಕಪ್ಪು ಹಲಗೆಗಳು.

ಅದು ತೀರಿಹೋದ ಅವಳ ಅಜ್ಜ ಮೊಯ್ದೀನ್ ಕುಂಞಿಯವರದ್ದು. ಅವರು ಬೊಂಬಾಯಿಯಿಂದ ಹೊರಡುವ ಸರಕಿನ ಹಡಗಿನಲ್ಲಿ ಅಡುಗೆಯವರಾಗಿದ್ದರಂತೆ. ಒಮ್ಮೆ ನಡುಗಡಲಲ್ಲಿ ಬಿಳಿಯ ಕಪ್ತಾನನಿಗೆ ಜ್ವರ ಹಿಡಿದು ಏನೂ ಗಂಟಲಲ್ಲಿ ಇಳಿಯದಾದಾಗ, ಇವರು ಹನ್ನೆರಡು ದಿನ ಗಂಜಿ ಮಾಡಿ ಕುಡಿಸಿ ಎಬ್ಬಿಸಿದರಂತೆ; ಎದ್ದ ಕಪ್ತಾನ ತನ್ನ ಬೆಳ್ಳಿಬಣ್ಣದ ಪಿಸ್ತೂಲನ್ನೇ ಕೈಗಿತ್ತನಂತೆ. ಉಪ್ಪಳದಲ್ಲಿ ಈ ಕಥೆ ಕೇಳದವರಿಲ್ಲ. ಬೆಳ್ಳಿಬಣ್ಣದ್ದು ಎನ್ನುವಲ್ಲಿ ಅವರು ಪ್ರತಿಸಲವೂ ಒಂದು ಕ್ಷಣ ನಿಲ್ಲಿಸುತ್ತಿದ್ದರು ಎಂಬುದು ನನಗೂ ನೆನಪಿದೆ. ತನ್ನ ಅಪ್ಪ ದುಬೈಯಲ್ಲಿದ್ದುದರಿಂದ ಮುಬೀನಾ ಬೆಳೆದದ್ದು ಅವಳು ಉಪ್ಪಾಪ್ಪ ಎಂದು ಕರೆಯುತ್ತಿದ್ದ ಈ ಅಜ್ಜನ ಕೈಹಿಡಿದೇ. ಒಂದು ಸುಳ್ಳಿಗೆ ಒಂದು ಹೊತ್ತಿನ ಮೌನ ಎಂಬುದು ಅಜ್ಜ ಅವಳಿಗೆ ಹಾಕುತ್ತಿದ್ದ ಶಿಕ್ಷೆ. ಅವರು ಮಾತಾಡದ ಆ ಹೊತ್ತು ಪೆಟ್ಟಿಗಿಂತ ಹೆಚ್ಚು ನೋಯುತ್ತಿತ್ತು ಎನ್ನುತ್ತಾಳೆ.

ಈಗ ಆಗಿದ್ದೇನೆಂದರೆ, ಅವಳು ಪಿಸ್ತೂಲಿನ ಫೋಟೋವನ್ನು ಕಥೆಯೊಂದಿಗೆ ಹಳೆಯ ಗಾಳಿಪಿಸ್ತೂಲು ಸಂಗ್ರಹಿಸುವವರ ಒಂದು ಮೊಬೈಲ್ ಗುಂಪಿಗೆ ಹಾಕಿದ್ದಳು. ಅಲ್ಲಿ ಯಾರೋ ಒಬ್ಬ, ಲೇಪ ಕಾರ್ಖಾನೆಯದ್ದಲ್ಲ, ಆಮೇಲೆ ಮಾಡಿಸಿದ್ದು, ಕಥೆಯೂ ಹಾಗೆಯೇ ಇರಬೇಕು ಎಂದು ಒಂದೇ ಸಾಲು ಬರೆದು ಹೋಗಿದ್ದ. ಹುಡುಗಿ ಆ ಸಾಲನ್ನು ನನಗೆ ಓದಿ ಹೇಳುವಾಗ ಧ್ವನಿ ಸರಿಯಿರಲಿಲ್ಲ. ಪಿಸ್ತೂಲನ್ನು ಮಾರುವ ಯೋಚನೆ ಅವಳಿಗಿರಲಿಲ್ಲ. ತಾನು ಯಾರ ಮಾತನ್ನು ನೆಚ್ಚಿ ಇಷ್ಟು ದೊಡ್ಡವಳಾದೆನೋ ಆ ಮನುಷ್ಯ ತನಗೆ ಸುಳ್ಳು ಹೇಳಿದ್ದರೇ ಎಂಬುದಷ್ಟೇ ಅವಳಿಗೆ ಗೊತ್ತಾಗಬೇಕಿತ್ತು. ಅಜ್ಜಿ ಖತೀಜುಮ್ಮ ಮನೆಯಲ್ಲಿದ್ದಾರೆ, ಆದರೆ ಎಂಬತ್ತೈದು ದಾಟಿದ ಜೀವದ ಮುಂದೆ ನಿಂತು, ನಿಮ್ಮ ಗಂಡ ಸುಳ್ಳುಗಾರನೇ ಎಂದು ಕೇಳುವುದು ಹೇಗೆ?

ನಾನು ಕನ್ನಡಕ ಏರಿಸಿಕೊಂಡೆ. ಇಂಥ ಹೊತ್ತಿನಲ್ಲಿ ನನಗೊಂದು ಗತ್ತು ಬರುತ್ತದೆ. ಮನೆಯವರು ಅದಕ್ಕೆ ನ್ಯಾಯಾಧೀಶರ ಮೂಗು ಎನ್ನುತ್ತಾರೆ. ಮೊದಲು ಬಣ್ಣ ನೋಡಿದೆ. ಕ್ರೋಮಿನ ಹೊಳಪು ನೀಲಿಯಾಗಿ, ತಣ್ಣಗೆ, ಸ್ಟೀಲ್ ಪಾತ್ರೆಯ ಅಂಗಡಿಯ ಹಾಗಿರುತ್ತದೆ. ಹಳೆಯ ನಿಕ್ಕಲಿಗೆ ಒಂದು ತೆಳು ಹಳದಿ, ಒಂದು ಬೆಚ್ಚನೆಯ ಛಾಯೆ ಇರುತ್ತದೆ. ಇದು ಹಳೆಯ ನಿಕ್ಕಲ್. ಆಮೇಲೆ ಮೈಮೇಲೆ ಕೊರೆದ ಕಾರ್ಖಾನೆಯ ಹೆಸರಿನ ಅಕ್ಷರ. ಹಳೆಯ ವಸ್ತುವಿಗೆ ಮರುಲೇಪ ಕೊಡುವವರು ಮೊದಲು ಅದನ್ನು ಬಫ್ ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ, ಆ ಉಜ್ಜುವಿಕೆಗೆ ಕೊರೆದ ಅಕ್ಷರಗಳ ಅಂಚು ಕರಗಿ, ಮಳೆಗೆ ಸಿಕ್ಕಿದ ರಂಗೋಲಿಯಂತೆ ಮಸುಕಾಗುತ್ತದೆ. ಇಲ್ಲಿ ಪ್ರತಿಯೊಂದು ಅಕ್ಷರವೂ ಉಗುರಿಗೆ ತಾಗುವಷ್ಟು ಚೂಪು. ತಿರುಪಿನ ತೂತುಗಳ ಬಾಯಿಯೂ ಹಾಗೆಯೇ, ಚಕ್ರಕ್ಕೆ ಸಿಕ್ಕಿದ್ದರೆ ಬಸಿಯ ಹಾಗೆ ತಗ್ಗಾಗಬೇಕಿತ್ತು, ಆಗಿರಲಿಲ್ಲ. ನಳಿಗೆಯ ತುದಿಯಲ್ಲಿ ಲೇಪದ ಕೆಳಗೆ ಎರಡು ಮೂರು ಸಣ್ಣ ಗುಳಿಗಳು ಕಂಡವು. ತುಕ್ಕು ತಿಂದ ಮೇಲೆ ಲೇಪ ಕೊಟ್ಟರೆ ಹೀಗಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ಎದುರಿಗೆ ಆ ಹುಡುಗಿಯ ಮುಖವಿತ್ತು, ಕೈಯಲ್ಲಿ ಅಷ್ಟು ಚಂದದ ಕೆಲಸವಿತ್ತು, ಹಳೆಯದ್ದಲ್ಲವೇ, ಎಂತದೋ ಆಗಿರಬೇಕು ಎಂದುಕೊಂಡು ಗುಳಿಗಳನ್ನು ನೋಡಿಯೂ ನೋಡದ ಹಾಗೆ ಮಾಡಿದೆ. ಕಾರ್ಖಾನೆಯದ್ದೇ, ಇಂಥ ಕೈ ನಮ್ಮ ಊರಲ್ಲಿ ಇರಲಿಲ್ಲ ಎಂದು ತೀರ್ಪು ಕೊಟ್ಟೆ. ಮುಬೀನಾ ನನ್ನ ಎರಡೂ ಕೈ ಹಿಡಿದುಕೊಂಡಳು.

ನೀವು ಇಷ್ಟು ಹೊತ್ತಿಗೆ ಊಹಿಸಿರುತ್ತೀರಿ. ನನಗೆ ಮಾತ್ರ ಹೊಳೆಯಲಿಲ್ಲ. ವಾರ ಕಳೆದು ಅವಳು ಮತ್ತೆ ಬಂದಳು. ನನ್ನ ತೀರ್ಪನ್ನು ಅವಳು ಹೆಮ್ಮೆಯಿಂದ ಗುಂಪಿಗೆ ಬರೆದಿದ್ದಳಂತೆ, ಆ ಅಸಾಮಿ ಇನ್ನೊಂದು ಸಾಲು ಹಾಕಿದ್ದನಂತೆ: ಆ ಕಾರ್ಖಾನೆಯವರು ಮೈಗೆ ನಿಕ್ಕಲ್ ಕೊಟ್ಟಾಗಲೂ ಕುದುರೆಯನ್ನೂ ತಿರುಪುಗಳನ್ನೂ ಕಪ್ಪಾಗಿಯೇ ಬಿಡುತ್ತಿದ್ದರು, ಇದರಲ್ಲಿ ಎಲ್ಲವೂ ಬಿಳಿ. ನನಗೆ ಸಿಟ್ಟು ನೆತ್ತಿಗೇರಿತು. ಐವತ್ತು ವರ್ಷ ನಿಕ್ಕಲ್ಲಿನ ಹೊಗೆ ಕುಡಿದವಳಿಗೆ, ಎಲ್ಲೋ ಕುಳಿತು ಫೋಟೋ ನೋಡಿ ಪಾಠ ಹೇಳುವವನು ಇವನ್ಯಾರು? ಪಿಸ್ತೂಲು ಇಲ್ಲೇ ಇರಲಿ, ಬಿಚ್ಚಿ ನೋಡುತ್ತೇನೆ, ಸಂಜೆ ಬಾ ಎಂದೆ. ಅವಳು ಹಲ್ಲು ನೋಡುವಾಗ ಕಣ್ಣಿಗೆ ಕಟ್ಟಿಕೊಳ್ಳುವ ಭೂತಗನ್ನಡಿಯನ್ನು ನನಗೆ ಕೊಟ್ಟು ಕುಂಬಳೆಯ ಬಸ್ಸು ಹತ್ತಿದಳು.

ಹಿತ್ತಲ ಶೆಡ್ಡಿನ ಕಿಟಕಿಯ ಬೆಳಕಿನಲ್ಲಿ ಕುಳಿತು ಹಿಡಿಯ ಹಲಗೆಯ ತಿರುಪು ತೆಗೆದೆ. ಎಡಗಡೆಯ ಹಲಗೆ ಕಳಚಿ ಬಂತು. ಕೆಳಗೆ ಚೊಕ್ಕ ಬಿಳಿ ಮೈ. ಭೂತಗನ್ನಡಿಯನ್ನು ಮೆಲ್ಲಗೆ ಸರಿಸಿದೆ. ಮೇಲಿನ ಮೂಲೆಯಲ್ಲಿ, ತಿರುಪಿನ ತೂತಿನ ಪಕ್ಕದಲ್ಲಿ, ಎಳ್ಳಿನಷ್ಟು ದುಂಡಗೆ ಒಂದು ಕಪ್ಪು ಚುಕ್ಕೆ. ತುಕ್ಕಲ್ಲ, ಕೊಳೆಯಲ್ಲ, ಕಾರ್ಖಾನೆಯವರು ಉಕ್ಕಿಗೆ ಕೊಡುವ ಆ ನೀಲಿ ಬೆರೆತ ಕಪ್ಪು, ಹೊಚ್ಚ ಹೊಸತಾಗಿ, ಅಂಚು ಕಟ್ಟಿದ ಹಾಗೆ. ಅದರ ಸುತ್ತಲಿನ ಅರಗಿನ ಹನಿಯ ವೃತ್ತವನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಅಪ್ಪಾ, ಎಂದು ಬಾಯಿಬಿಟ್ಟೇ ಹೇಳಿದೆ.

ಇಂಗ್ಲೆಂಡಿನ ಕಾರ್ಖಾನೆಯದ್ದೆಂದು ನಾನು ತೀರ್ಪು ಕೊಟ್ಟದ್ದು ನಮ್ಮ ಅಂಗಡಿಯ ತೊಟ್ಟಿಯ ಕೆಲಸಕ್ಕೆ. ಅಕ್ಷರಗಳು ಚೂಪಾಗಿದ್ದದ್ದು ಏಕೆಂದರೆ ಅಪ್ಪ ಅಕ್ಷರವಿರುವ ಜಾಗವನ್ನು ಚಕ್ರಕ್ಕೆ ಹಿಡಿಯದೆ, ತೆಂಗಿನ ನಾರು ಸುಣ್ಣ ಹಿಡಿದು ದಿನಗಟ್ಟಲೆ ಕೈಯಲ್ಲೇ ಉಜ್ಜುತ್ತಿದ್ದರು. ಇಂಥ ಕೈ ನಮ್ಮ ಊರಲ್ಲಿ ಇರಲಿಲ್ಲ ಎಂದಿದ್ದೆನಲ್ಲ, ಆ ಕೈಯ ಅನ್ನ ತಿಂದು ಬೆಳೆದವಳು ನಾನು. ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಅಪ್ಪ ಪಿಸ್ತೂಲನ್ನು ಬಿಳಿ ಮಾಡಿದ ಮಾತನ್ನು ಮನೆಯಲ್ಲಿ ಯಾರೂ ಎಂದೂ ಎತ್ತಿದ ನೆನಪಿಲ್ಲ. ನಾನು ಆಗ ಶಾಲೆಗೆ ಹೋಗುವ ಕೂಸಾಗಿದ್ದಿರಬೇಕು.

ನಿಮ್ಮಲ್ಲಿ ಮುಚ್ಚಿಡುವುದೇಕೆ, ಆ ಮಧ್ಯಾಹ್ನ ನನಗೊಂದು ಕೆಟ್ಟ ಆಸೆ ಹುಟ್ಟಿತು. ಹಲಗೆ ಮುಚ್ಚಿ ತಿರುಪು ಬಿಗಿದರೆ ಮುಗಿಯಿತು. ಮೊಬೈಲಿನ ಅಸಾಮಿ ಬಂದು ಬಿಚ್ಚಿ ನೋಡುವುದಿಲ್ಲ, ಮುಬೀನಾಗೆ ಅಜ್ಜ ಉಳಿಯುತ್ತಾರೆ, ನನಗೆ ನನ್ನ ತೀರ್ಪು ಉಳಿಯುತ್ತದೆ, ಯಾರಿಗೆ ಎಂತ ನಷ್ಟ? ಹಲಗೆಯನ್ನು ಜಾಗಕ್ಕೆ ಒತ್ತಿಯೂ ನೋಡಿದೆ, ತಿರುಪನ್ನು ಎರಡು ಸುತ್ತು ತಿರುಗಿಸಿಯೂ ಆಯಿತು. ಆದರೆ ಆ ಚುಕ್ಕೆಯನ್ನು ಅಪ್ಪ ಬಿಟ್ಟದ್ದೇ ಇಂಥವರಿಗಾಗಿ, ಗಿರಾಕಿ ಕೇಳದಿದ್ದರೂ ಮುಂದೊಂದು ದಿನ ಮುಚ್ಚಲು ಹೊರಡುವ ನನ್ನಂಥವರಿಗಾಗಿ ಎಂಬುದು ಬೆರಳಿಗೇ ತಿಳಿದ ಹಾಗಾಗಿ, ತಿರುಪನ್ನು ಮತ್ತೆ ಹಿಂದಕ್ಕೆ ತಿರುಗಿಸಿದೆ. ಸಂಜೆಯವರೆಗೆ ಚಹಾವನ್ನೂ ಕುಡಿಯಲಿಲ್ಲ.

ಮುಬೀನಾ ಬಂದಾಗ, ನಾನು ತಪ್ಪು ಹೇಳಿದ್ದೆ ಎಂದು ಮೊದಲೇ ಹೇಳಿಬಿಟ್ಟೆ, ತಡಮಾಡಿದರೆ ಹೇಳುತ್ತಿರಲಿಲ್ಲ. ಸಾಕ್ಷಿಯ ಕಥೆ ಹೇಳಿ ಚುಕ್ಕೆ ತೋರಿಸಿದೆ. ಅವಳು ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಹಲ್ಲಿನ ಹುಳುಕು ನೋಡುವಾಗಲೂ ಅವಳ ಮುಖ ಅಷ್ಟು ಗಂಭೀರವಾಗಿ ಇರುವುದಿಲ್ಲ.

"ಹಾಗಾದ್ರೆ ಉಪ್ಪಾಪ್ಪ ಹೇಳಿದ್ದು ಸುಳ್ಳು ಜಲಜಕ್ಕ," ಎಂದಳು.

"ಪಿಸ್ತೂಲು ಕಪ್ಪಿತ್ತು ಅಂತ ಮಾತ್ರ ಈ ಚುಕ್ಕೆ ಹೇಳ್ತದೆ ಮಾರಾಯ್ತಿ. ಯಾಕೆ ಬಿಳಿ ಆಯ್ತು ಅಂತ ಹೇಳ್ಲಿಕ್ಕೆ ನಿಮ್ಮ ಮನೆಯಲ್ಲಿ ಒಬ್ರು ಉಂಟಲ್ಲ. ನಾನೂ ಬರ್ತೇನೆ, ನಡಿ."

ಅವರ ಮನೆ ರೈಲು ನಿಲ್ದಾಣದ ಆಚೆ, ಕಡಲ ಬದಿಗೆ. ಖತೀಜುಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕುಳಿತು, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಈಗಿನ ಅಕ್ಕಿಯಲ್ಲಿ ಕಲ್ಲಿಲ್ಲ, ಆದರೂ ಅವರಿಗೆ ಅದು ಬೇಕಂತೆ. ನಾನು ಹತ್ತಿರ ಕುಳಿತು ನಿಕ್ಕಲ್ ಬಾಬಣ್ಣನ ಮಗಳು ಎಂದು ಹೇಳಿಕೊಂಡೆ. ಅವರ ಬೆರಳು ನಿಂತಿತು. ನನ್ನನ್ನು ನೋಡಿದರು, ಮುಬೀನಾಳ ಕೈಯ ಟವೆಲ್ ಗಂಟನ್ನು ನೋಡಿದರು.

"ಬಾಬಣ್ಣ ನಿನಗೆ ಹೇಳಿದ್ನಾ?" ಎಂದು ಕೇಳಿದರು.

ಇಲ್ಲ, ಅಪ್ಪ ಸಾಯುವವರೆಗೂ ಯಾರಿಗೂ ಹೇಳಲಿಲ್ಲ, ಪಿಸ್ತೂಲೇ ಹೇಳಿತು ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಈ ವಯಸ್ಸಿನಲ್ಲಿ ಇವರಿಗೆ ಎಂತದಾದರೂ ಆದರೆ ಎಂದು ನಾನು ಮಂಚದತ್ತ ಸರಿದೆ. ನೋಡಿದರೆ ಹೆಗಲು ಕುಲುಕುತ್ತಿದೆ; ಮುದುಕಿ ನಗುತ್ತಿದ್ದಾರೆ. ನಕ್ಕು ನಕ್ಕು ತಲೆಗೆ ಹೊದ್ದ ತಟ್ಟದ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡು, ಬ್ಯಾರಿ ಭಾಷೆಯಲ್ಲಿ ಆರಂಭಿಸಿ, ನನಗಾಗಿ ತುಳುವನ್ನೂ ಕನ್ನಡವನ್ನೂ ಬೆರೆಸಿ ಅವರು ಹೇಳಿದ್ದು ಇಷ್ಟು.

ಕಪ್ತಾನ ಕೊಟ್ಟ ಪಿಸ್ತೂಲನ್ನು ಮನೆಗೆ ತಂದ ಗಂಡ, ಮತ್ತೆ ಹಡಗಿಗೆ ಹೊರಡುವಾಗ, ಮಕ್ಕಳ ಕೈಗೆ ಸಿಗದ ಹಾಗೆ ಇಡು ಎಂದು ಹೇಳಿ ಹೋದರು. ಕೂಡುಕುಟುಂಬದ ಮನೆ, ಮಕ್ಕಳ ಕೈ ಹೋಗದ ಜಾಗವೆಲ್ಲಿ? ಬೆಲ್ಲದ ಭರಣಿಗೆ ಹೋಗುತ್ತದೆ, ಉಪ್ಪಿನಕಾಯಿಯ ಭರಣಿಗೆ ಹೋಗುತ್ತದೆ, ಬಟ್ಟೆಯ ಪೆಟ್ಟಿಗೆಗೂ ಹೋಗುತ್ತದೆ. ಹದಿನೆಂಟರ ಆ ಹೆಂಗಸು ಬಹಳ ಬುದ್ಧಿ ಖರ್ಚು ಮಾಡಿ, ಯಾವ ಮಗುವೂ ಕದಿಯದ ವಸ್ತು ಉಪ್ಪೊಂದೇ ಎಂದು ಕಂಡುಹಿಡಿದು, ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಕಲ್ಲುಪ್ಪಿನ ದೊಡ್ಡ ಭರಣಿಯ ತಳದಲ್ಲಿ ಹೂತಿಟ್ಟಳು. ಮಕ್ಕಳಿಗೆ ನಿಜವಾಗಿಯೂ ಸಿಗಲಿಲ್ಲ. ಗಂಡ ಬರುವ ಸುದ್ದಿ ಸಿಕ್ಕಿ ಮಳೆಗಾಲದ ಕೊನೆಗೆ ತೆಗೆದು ನೋಡಿದರೆ ಕಪ್ಪು ಬಣ್ಣ ಹಕ್ಕಳೆ ಹಕ್ಕಳೆಯಾಗಿ ಏಳುತ್ತಿತ್ತು. ಅತ್ತೆ ಬಾಯಿ ಜೋರಿನ ಹೆಂಗಸು. ಹೆದರಿದ ಸೊಸೆ ಅದನ್ನು ತವರಿಗೆ ಹೋಗುವ ನೆಪದಲ್ಲಿ ನಮ್ಮ ಅಪ್ಪನ ಅಂಗಡಿಗೆ ತಂದು, ಕಪ್ಪು ಮಾಡಿಕೊಡಿ ಎಂದು ಅತ್ತಳು. ಅಪ್ಪನಲ್ಲಿ ಕಪ್ಪು ಬಣ್ಣದ ವಿದ್ಯೆ ಇರಲಿಲ್ಲ. ಬಿಳಿ ಮಾತ್ರ ಬರುತ್ತದೆ ತಂಗೀ ಎಂದರು. ತುಕ್ಕಿಗಿಂತ ಬಿಳಿ ವಾಸಿ ಎಂದಳು ಅವಳು. ಅಪ್ಪನಿಗೆ ಪಿಸ್ತೂಲಿನ ಶಾಸ್ತ್ರ ಗೊತ್ತಿಲ್ಲ, ಕುದುರೆ ತಿರುಪು ಯಾವುದನ್ನೂ ಬಿಡದೆ ಎಲ್ಲವನ್ನೂ ಬಿಳಿ ಮಾಡಿಕೊಟ್ಟರು, ಮತ್ತು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು.

ಗಂಡ ಬಂದ ದಿನ, ಮನೆಯವರೆಲ್ಲ ಸುತ್ತ ಕುಳಿತಿರುವಾಗ, ಅವರು ಪಿಸ್ತೂಲು ತಾ ಎಂದರು. ಅವಳು ತಂದಿಟ್ಟಳು. ಇದೇನು ಬೆಳ್ಳಗಾಗಿದೆ ಎಂದು ಅತ್ತೆ ಕೂಗಿದರು. ಮೊಯ್ದೀನ್ ಕುಂಞಿ ಪಿಸ್ತೂಲನ್ನು ಒಮ್ಮೆ ನೋಡಿದರು, ತಲೆ ತಗ್ಗಿಸಿ ನಿಂತ ಹೆಂಡತಿಯನ್ನು ಒಮ್ಮೆ ನೋಡಿದರು. ಬೆಳ್ಳಿಬಣ್ಣದ್ದೇ ಕಪ್ತಾನ ಕೊಟ್ಟದ್ದು, ಕಡಲಗಾಳಿಗೆ ಹಾಳಾಗಬಾರದೆಂದು ಮೇಲೆ ಕರಿ ಎಣ್ಣೆ ಬಳಿದಿದ್ದೆ, ಇವಳು ಚಂದ ಮಾಡಿ ತೊಳೆದಿದ್ದಾಳೆ ಎಂದರು. ಅಷ್ಟೆ. ಅಲ್ಲಿಂದ ಆ ಮಾತು ಹೊಸ್ತಿಲು ದಾಟಿತು, ಪೇಟೆಗೆ ಹೋಯಿತು, ಹಿಂದೆಗೆಯಲು ಸಾಧ್ಯವಾಗದಷ್ಟು ದೊಡ್ಡದಾಯಿತು. ಬೆಳ್ಳಿಬಣ್ಣದ್ದು ಎನ್ನುವಲ್ಲಿ ಅವರು ಒಂದು ಕ್ಷಣ ನಿಲ್ಲಿಸುತ್ತಿದ್ದರು ಎಂದೆನಲ್ಲ, ಆ ಕ್ಷಣದಲ್ಲಿ ಅವರು ಒಳಬಾಗಿಲಿನತ್ತ ನೋಡುತ್ತಿದ್ದರಂತೆ. ಅಲ್ಲಿ ಬಾಗಿಲ ಹಿಂದೆ ಖತೀಜುಮ್ಮ ನಿಂತಿರುತ್ತಿದ್ದರಂತೆ.

"ಕಪ್ತಾನ ಕೊಟ್ಟದ್ದು ಹೌದು ಮೋಳೇ," ಎಂದರು ಮೊಮ್ಮಗಳ ಕಡೆ ತಿರುಗಿ. "ಕೊಟ್ಟದ್ದು ಕಪ್ಪು. ಬಿಳಿ ಮಾಡಿದ್ದು ನಾನು. ಅವರು ಬಿಳಿ ಅಂತ ಹೇಳಿದ್ದು ನನಗೋಸ್ಕರ."

ಮುಬೀನಾ ಅಜ್ಜಿಯ ಮಡಿಲಿಗೆ ಮುಖವಿಟ್ಟಳು. ಮೊರದ ಅಕ್ಕಿಯೆಲ್ಲ ಚಾಪೆಯ ಮೇಲೆ ಚೆಲ್ಲಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅಲ್ಲಿಂದಲೇ ಕೇಳಿದಳು. ಅವರ ಬಾಯಿಯಿಂದ ಬಂದ ಮಾತನ್ನು ನಾನು ಹೇಗೆ ಅಳಿಸಲಿ, ನೀವೇ ಕಂಡುಹಿಡಿದರೆ ಸರಿ ಅಂತ ಕಾಯ್ತಿದ್ದೆ ಎಂದರು ಮುದುಕಿ, ಬೆನ್ನು ತಟ್ಟುತ್ತ. ನಾನು ಅಕ್ಕಿ ಒಟ್ಟುಮಾಡುವ ನೆಪದಲ್ಲಿ ಬಗ್ಗಿದೆ. ಕಣ್ಣೀರು ಬಂದದ್ದು ನಿಜ, ಹೇಳಿಕೊಳ್ಳಲು ಸಂಕೋಚವಿಲ್ಲ. ಸುಳ್ಳಿಗೊಂದು ಹೊತ್ತಿನ ಮೌನ ಎಂದು ಮೊಮ್ಮಗಳಿಗೆ ಕಲಿಸಿದ ಮನುಷ್ಯ, ತಾನು ಆಡಿದ ಒಂದೇ ಸುಳ್ಳಿಗೆ ಪ್ರತಿಸಲವೂ ಒಂದು ಕ್ಷಣ ಮೌನ ತೆತ್ತಿದ್ದರು ಎಂದು ಹೇಳಿದವಳು ಮುಬೀನಾಳೇ. ಅದು ಹೇಳುವಾಗ ಅವಳ ಧ್ವನಿ ಮತ್ತೆ ಮೊದಲಿನಂತಾಗಿತ್ತು.

ಕಪ್ಪು ಬಣ್ಣ ಮಾಡುವವರು ಈಗ ಸಿಗುತ್ತಾರೆ, ಬೇಕಾದರೆ ಮೊದಲಿನ ಹಾಗೆ ಮಾಡಿಸಬಹುದು ಎಂದು ನಾನು ಹೊರಡುವ ಮೊದಲು ಹೇಳಿದೆ. ಖತೀಜುಮ್ಮ ತಲೆಯಾಡಿಸಿದರು. ಮುಟ್ಟುವುದು ಬೇಡ, ಹಲಗೆಯ ಕೆಳಗಿನ ಚುಕ್ಕೆ ಮಾತ್ರ ತನಗೊಮ್ಮೆ ನೋಡಬೇಕು ಎಂದರು. ಮುಬೀನಾ ಭೂತಗನ್ನಡಿಯನ್ನು ಅವರ ಕಣ್ಣಿಗೆ ಕಟ್ಟಿದಳು. ಹಲ್ಲಿನ ಡಾಕ್ಟರರ ಕನ್ನಡಿ ಕಟ್ಟಿಕೊಂಡ ಎಂಬತ್ತೈದರ ಮುದುಕಿ, ಅರವತ್ತು ಚಿಲ್ಲರೆ ವರ್ಷಗಳ ಹಿಂದೆ ತಾನು ಉಪ್ಪಿನಲ್ಲಿ ಕಳೆದುಕೊಂಡ ಕಪ್ಪನ್ನು ಎಳ್ಳಿನಷ್ಟು ಜಾಗದಲ್ಲಿ ನೋಡಿ, ಹೌದು, ಇದೇ ಬಣ್ಣ, ಎಂದರು.

ಇದಾದ ಮೇಲೆ ಮುಬೀನಾ ಮೊಬೈಲ್ ಗುಂಪಿಗೆ, ನೀವು ಹೇಳಿದ್ದು ಸರಿ, ಲೇಪ ಕಾರ್ಖಾನೆಯದ್ದಲ್ಲ ಎಂದು ಬರೆದಳಂತೆ. ಉಳಿದದ್ದನ್ನು ಬರೆಯಲಿಲ್ಲ, ಅದು ನಮ್ಮ ಮನೆಯದ್ದು ಎಂದಳು. ಆ ಅಸಾಮಿಯ ಮೇಲೆ ನನಗಿದ್ದ ಸಿಟ್ಟೂ ಇಳಿದಿದೆ. ಲೇಪದ ವಿಷಯದಲ್ಲಿ ಅವನ ಕಣ್ಣು ನನ್ನದಕ್ಕಿಂತ ಚೊಕ್ಕ. ಅವನು ತಪ್ಪಿದ್ದು ಎರಡನೆಯ ಅರ್ಧದಲ್ಲಿ, ಕಥೆಯೂ ಹಾಗೆಯೇ ಇರಬೇಕು ಎಂದನಲ್ಲ, ಅಲ್ಲಿ. ಇತ್ತ ಖತೀಜುಮ್ಮನಿಗೆ ಹತ್ತು ವರ್ಷ ಕಡಿಮೆಯಾದ ಹಾಗಿದೆ. ಬಂದವರಿಗೆಲ್ಲ ಉಪ್ಪಿನ ಭರಣಿಯ ಕಥೆ ಹೇಳುತ್ತಾರಂತೆ. ಕಳೆದ ತಿಂಗಳು ನಾನು ಹೋದಾಗ ಭರಣಿ ಸೊಂಟದೆತ್ತರಕ್ಕೆ ಬೆಳೆದಿತ್ತು, ಅಪ್ಪ ಕೆಲಸಕ್ಕೆ ನಲವತ್ತು ದಿನ ತೆಗೆದುಕೊಂಡಿದ್ದರು. ನಾನು ತಿದ್ದಲಿಲ್ಲ. ಆ ಕಥೆಯೂ ಈಗ ಪಾಲಿಶ್ ಹಾಕಿಸಿಕೊಳ್ಳುತ್ತಿದೆ, ನಮ್ಮ ಮನೆಯ ಕಸುಬೇ ಅದಾದ್ದರಿಂದ ನನಗೆ ಬೇಸರವಿಲ್ಲ.

ಯಾವುದು ಮೊದಲಿನದ್ದು ಎಂದು ಕೇಳುವವರಿಗೆ ನಾನೀಗ ಬೇಗ ತೀರ್ಪು ಕೊಡುವುದಿಲ್ಲ. ಲೇಪ ಹಿಂದಿನದ್ದೋ ಇತ್ತೀಚಿನದ್ದೋ ಎಂದು ಹೇಳಬಲ್ಲೆ, ಅದು ವಿದ್ಯೆ. ಆದರೆ ಅದನ್ನು ಯಾರು, ಯಾರಿಗಾಗಿ, ಯಾವ ಹೆದರಿಕೆಯಲ್ಲಿ ಹೊದಿಸಿದರು ಎಂಬುದನ್ನು ಕೇಳದೆ ಸುಳ್ಳು ಎಂಬ ಶಬ್ದವನ್ನು ಬಾಯಿಗೆ ತರಬಾರದು ಎಂದು ಈ ವಯಸ್ಸಿನಲ್ಲಿ ಕಲಿತೆ. ಕಲಿಸಿದವರು ಮೂವರು, ಅಪ್ಪ, ಮೊಯ್ದೀನ್ ಕುಂಞಿ, ಖತೀಜುಮ್ಮ; ಅವರಲ್ಲಿ ಇಬ್ಬರು ಈಗಿಲ್ಲ.

ಮೊನ್ನೆ ಮಧ್ಯಾಹ್ನ ಸೊಸೆ ಚಹಾಕ್ಕೆ ಸಕ್ಕರೆ ಹಾಕುತ್ತಿರುವಾಗ, ಆ ಚಮಚವನ್ನು ಇತ್ತ ಕೊಡು ಎಂದೆ. ಕೊನೆಗೂ ಪಾಲಿಶಿಗೆ ಹೊರಟಿತು ಎಂದುಕೊಂಡಳೋ ಏನೋ, ಚೆನ್ನಾಗಿ ತೊಳೆದು ಒರೆಸಿ ಕೊಟ್ಟಳು. ಅಪ್ಪನ ಮೊದಲ ಕೆಲಸವಲ್ಲವೇ, ಇದರಲ್ಲೂ ಸಾಕ್ಷಿ ಇರಬೇಕಲ್ಲ ಎಂದು ಹಿಂದೆ ಮುಂದೆ ತಿರುಗಿಸಿ ಹುಡುಕಿದೆ. ಬೆನ್ನಿನಲ್ಲಿಲ್ಲ, ಹಿಡಿಯ ತುದಿಯಲ್ಲಿಲ್ಲ, ಕತ್ತಿನ ಸಂದಿನಲ್ಲೂ ಇಲ್ಲ. ಆಗ ಅಮ್ಮ ಒಮ್ಮೆ ನಗುತ್ತ ಹೇಳಿದ್ದು ನೆನಪಾಯಿತು: ಮೊದಲ ಸಲ ನಿನ್ನ ಅಪ್ಪನಿಗೆ ಸಾಕ್ಷಿಯನ್ನು ಎಲ್ಲಿ ಅಡಗಿಸುವುದೆಂದು ತಿಳಿಯಲಿಲ್ಲ, ಹೆಬ್ಬೆರಳಿನ ಕೆಳಗೇ ಇಟ್ಟುಬಿಟ್ಟಿದ್ದರು ಎಂದು. ಚಮಚವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹುಣಸೆ ಬೀಜದಷ್ಟು ಹಳದಿಯ ಮೇಲೆ ಹೆಬ್ಬೆರಳಿಟ್ಟೆ. ಅದು ಸರಿಯಾಗಿ ಕುಳಿತಿತು. ಅದರಲ್ಲಿ ಅಪ್ಪ ಬಿಟ್ಟದ್ದೆಷ್ಟು, ಅಮ್ಮ ಸವೆಸಿದ್ದೆಷ್ಟು, ನಾನು ಸವೆಸಿದ್ದೆಷ್ಟು ಎಂದು ಯಾವ ಕನ್ನಡಿಯಲ್ಲೂ ಹೇಳಲು ಬರುವುದಿಲ್ಲ. ಚಮಚವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ, ಸೊಸೆಗೆ ಈ ಸಲ ನಾಳೆ ಎಂದು ಹೇಳಲಿಲ್ಲ.